ಆರ್‌ಪಿ ಸರ್ವರ್ ಶುರುಮಾಡುತ್ತಿರುವ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಜಿಟಿಎ 5 ಆಟವನ್ನು ನಮ್ಮದೇ ಸರ್ವರ್‌ನಲ್ಲಿ ಆಡಿಸುವ ಫೈವ್‌ಎಂನಲ್ಲಿ ಕನ್ನಡದ ಆರ್‌ಪಿ (ರೋಲ್‌ಪ್ಲೇ, ಅಂದರೆ ಪಾತ್ರವಾಗಿ ಬದುಕುವ ಆಟ) ಸರ್ವರ್ ಶುರುಮಾಡುತ್ತಿದ್ದೀಯ, ಅದಕ್ಕೆ ಕ್ಯೂಬಿಕೋರ್ ಎಂಬ ಸಿದ್ಧ ಚೌಕಟ್ಟು ಹಾಕಿದ್ದೀಯ ಎಂದು ತಿಳಿದು ಬಹಳ ಖುಷಿಯಾಯಿತು. ಗನ್ ಹಿಡಿದು ಗೆಲ್ಲಲು ಬರುವವರನ್ನೂ ಪಾತ್ರ ಮಾಡಲು ಬರುವವರನ್ನೂ ಒಂದೇ ಊರಲ್ಲಿ ಇಟ್ಟುಕೊಳ್ಳುವುದು ಹೇಗೆ ಎಂದು ಕೇಳಿದ್ದೆ. ಯಾವ ನಿಯಮ ಬರೆಯುವ ಮೊದಲೂ, ಸೋತವನಿಗೆ ಮುಂದಿನ ಅರ್ಧ ಗಂಟೆ ಆಡಲು ಏನಿದೆ ಎಂದು ಕೇಳಿಕೊ. ಗೆದ್ದವನು ಹೇಗೂ ನಾಳೆ ಬರುತ್ತಾನೆ. ಸರ್ವರ್ ಬಿಟ್ಟು ಹೋಗುವವನು ಸೋತವನು.

ಇಬ್ಬರನ್ನೂ ಬೇರೆ ಮಾಡಿಬಿಡೋಣ ಅನ್ನಿಸುವುದು ಸಹಜ. 1997ರಲ್ಲಿ ಬಂದ ಅಲ್ಟಿಮಾ ಆನ್‌ಲೈನ್ ಎಂಬ ಆಟ ಅದನ್ನೇ ಮಾಡಿತು. ಅಲ್ಲಿ ಊರಾಚೆ ಕಾಲಿಟ್ಟವರನ್ನು ಕೊಂದು ದೋಚುವವರ ಕಾಟ ವಿಪರೀತವಾಗಿತ್ತು. ಐದು ಕೊಲೆ ಮಾಡಿದವನ ಹೆಸರು ಕೆಂಪಾಗುತ್ತಿದ್ದರೂ ನಿಲ್ಲಲಿಲ್ಲ. 2000ದಲ್ಲಿ ಲೋಕವನ್ನೇ ಎರಡು ಮಾಡಿದರು: ಒಪ್ಪಿಗೆಯಿಲ್ಲದೆ ಹೊಡೆಯಲಾಗದ ಟ್ರಾಮೆಲ್, ಹಳೆಯ ರೀತಿಯ ಫೆಲುಕ್ಕಾ. ಹೆಚ್ಚಿನವರು ಟ್ರಾಮೆಲ್‌ಗೆ ಗುಳೆ ಹೋದರು. ಆಮೇಲೆ ಪವರ್ ಸ್ಕ್ರೋಲ್‌ನಂಥ ಬೆಲೆಬಾಳುವ ವಸ್ತುಗಳನ್ನು ಫೆಲುಕ್ಕಾದಲ್ಲಿ ಮಾತ್ರ ಇಟ್ಟು ಜನರನ್ನು ಕರೆಯಬೇಕಾಯಿತು. ನನಗೆ ಹೆಚ್ಚು ಹಿಡಿಸುವುದು ಬಾಹ್ಯಾಕಾಶದ ಆಟವಾದ ಈವ್ ಆನ್‌ಲೈನ್‌ನ ದಾರಿ. ಭದ್ರತೆಯ ಅಂಕ 0.5ರಿಂದ 1.0 ಇರುವ ಸೀಮೆಯಲ್ಲಿ ಅನ್ಯಾಯವಾಗಿ ಹೊಡೆದರೆ ಕಾನ್ಕಾರ್ಡ್ ಎಂಬ ಆಟದ ಪೊಲೀಸ್ ಪಡೆ ಬಂದು ಹೊಡೆದವನ ಹಡಗನ್ನು ಪುಡಿಮಾಡುತ್ತದೆ. ಹೊಡೆಯುವ ಕೈಯನ್ನು ಯಾರೂ ಮುಂಚೆಯೇ ಹಿಡಿಯುವುದಿಲ್ಲ, ಬೆಲೆ ಮಾತ್ರ ತೆರಬೇಕು.

ನಿನ್ನ ಊರಲ್ಲಿ ಆ ಬೆಲೆ ಉಳಿದ ಆಟಗಾರರ ಪಾತ್ರಗಳ ಮೂಲಕ ಬರಲಿ. ಅಂಗಡಿ ದರೋಡೆಯನ್ನೇ ತಗೊ. ದರೋಡೆ ಶುರುವಾಗಲು ಡ್ಯೂಟಿಯಲ್ಲಿ ಕನಿಷ್ಠ ಎಷ್ಟು ಪೊಲೀಸರಿರಬೇಕು ಎಂಬ ಸಂಖ್ಯೆ ಕಾನ್ಫಿಗ್ (ಸೆಟ್ಟಿಂಗ್‌ಗಳ) ಫೈಲಿನಲ್ಲೇ ಇದೆ. ಅಂಗಡಿಗೆ ಅದನ್ನು 2ಕ್ಕಿಂತ ಇಳಿಸಬೇಡ. ಬ್ಯಾಂಕಿಗೆ 4 ಇಡು. ಜೊತೆಗೆ ದರೋಡೆಕೋರರಿಗೂ ಮಿತಿ ಬೇಕು: ಅಂಗಡಿಗೆ 3, ಬ್ಯಾಂಕಿಗೆ 5. ಎಂಟು ಜನ ಒಟ್ಟಿಗೆ ನುಗ್ಗಿದರೆ ಅವರಿಗೆ ಮಾತಾಡುವ ಅಗತ್ಯವೇ ಇರುವುದಿಲ್ಲ, ಸಂಖ್ಯೆಯಲ್ಲಿ ಕಡಿಮೆಯಿರುವ ಪೊಲೀಸರು ಹೆದರಿ ಮೊದಲೇ ಗುಂಡು ಹಾರಿಸುತ್ತಾರೆ. ಒತ್ತೆಯಾಳು, ಸಂಧಾನ, ತಪ್ಪಿಸಿಕೊಳ್ಳುವ ದಾರಿಯ ಚೌಕಾಸಿ, ಎಲ್ಲಾ ಅಲ್ಲಿಗೇ ಸತ್ತಿತು.

ದುಡ್ಡಿನ ಲೆಕ್ಕದಲ್ಲೇ ಹೆಚ್ಚಿನ ಸರ್ವರ್‌ಗಳು ಕೆಡುವುದು. ತಯಾರಿಯ ಸಮಯವನ್ನೂ ಸೇರಿಸಿ ನೋಡಿದಾಗ ದರೋಡೆಯ ಗಂಟೆಯ ಗಳಿಕೆ ಮೆಕ್ಯಾನಿಕ್ ಒಬ್ಬನ ಗಳಿಕೆಯ ಎರಡರಷ್ಟನ್ನು ದಾಟದಿರಲಿ. ಹತ್ತರಷ್ಟು ಇಟ್ಟರೆ ಎರಡೇ ವಾರದಲ್ಲಿ ಮೆಕ್ಯಾನಿಕ್‌ಗಳೆಲ್ಲ ಗ್ಯಾಂಗ್ ಸೇರಿರುತ್ತಾರೆ. ಕದ್ದದ್ದು ಗುರುತು ಹಾಕಿದ ನೋಟುಗಳ ರೂಪದಲ್ಲಿ ಸಿಗಲಿ. ಅದನ್ನು ಬಿಳಿ ಮಾಡಿಕೊಡುವ ಕೆಲಸ ಕಂಪ್ಯೂಟರ್ ನಡೆಸುವ ಪಾತ್ರಕ್ಕೆ (ಎನ್‌ಪಿಸಿ) ಕೊಡದೆ, ವ್ಯಾಪಾರ ನಡೆಸುವ ಆಟಗಾರನಿಗೆ ಕೊಡು. ಅವನು ನೂರಕ್ಕೆ 20–30 ಹಿಡಿದುಕೊಳ್ಳಲಿ. ಆಗ ಕಳ್ಳನಿಗೆ ನಂಬಿಕಸ್ತನೊಬ್ಬ ಬೇಕಾಗುತ್ತಾನೆ, ಗನ್ ಬೀಸಿ ಆ ನಂಬಿಕೆ ಸಿಗುವುದಿಲ್ಲ.

ಕ್ಯೂಬಿಕೋರ್‌ನ ಪೊಲೀಸ್ ರಿಸೋರ್ಸ್‌ನಲ್ಲಿ (ಪೊಲೀಸ್ ಕೆಲಸದ ಸ್ಕ್ರಿಪ್ಟ್‌ನಲ್ಲಿ) ಸಾಕ್ಷ್ಯದ ವ್ಯವಸ್ಥೆ ಮೊದಲೇ ಇದೆ. ಗುಂಡಿನ ಖಾಲಿ ಕೋಶ, ರಕ್ತ, ಬೆರಳಚ್ಚು ಸಿಗುತ್ತವೆ. ಗನ್‌ಗೆ ಸೀರಿಯಲ್ ನಂಬರ್ ಇರುತ್ತದೆ. ಈ ವ್ಯವಸ್ಥೆಯನ್ನು ಆಫ್ ಮಾಡಬೇಡ. ಒಂದು ಗುಂಡು ಹಾರಿದರೆ ಪೊಲೀಸ್, ಡಾಕ್ಟರ್, ವಕೀಲ, ಜಡ್ಜ್ ನಾಲ್ವರಿಗೂ ಕೆಲಸ ಹುಟ್ಟುತ್ತದೆ. ಆದರೆ ಜೈಲು ಉದ್ದವಾದರೆ ಕೇಸ್ ಕೂಡ ಕೆಡುತ್ತದೆ: 60 ನಿಮಿಷ ಕೂರಿಸಿದರೆ ಆಟಗಾರ ಗೇಮ್ ಮುಚ್ಚಿ ಮಲಗುತ್ತಾನೆ. ಜೈಲು 10–15 ನಿಮಿಷ ಸಾಕು. ಉಳಿದ ಶಿಕ್ಷೆ ದಂಡ, ಲೈಸೆನ್ಸ್ ರದ್ದು, ವಾರಕ್ಕೊಮ್ಮೆ ಠಾಣೆಗೆ ಹಾಜರಿ ಎಂದು ಊರೊಳಗೇ ನಡೆಯಲಿ.

ಗುಂಡಿಗೆ ಮುಂಚೆ ಮಾತು ಎಂಬ ನಿಯಮವನ್ನು ಅಳತೆ ಸಮೇತ ಬರೆ. ಆಟದೊಳಗೆ ಮಾತಾಡಲು ಬಳಸುವ ಪಿಎಂಎ ವಾಯ್ಸ್‌ನ ಮೂಲ ಸೆಟ್ಟಿಂಗ್‌ನಲ್ಲಿ ಪಿಸುಮಾತು 3, ಸಾಮಾನ್ಯ ದನಿ 7, ಕೂಗು 15 ಮೀಟರ್ ದೂರದವರೆಗೆ ಕೇಳಿಸುತ್ತದೆ. ಓಡುವ ಕಾರಿನಿಂದ ‘ಕೈ ಎತ್ತು’ ಅಂದರೆ ಎದುರಿನವನಿಗೆ ಕೇಳಿಸಿರುವುದೇ ಇಲ್ಲ. ಹಾಗಾಗಿ ಬೇಡಿಕೆ ಕೇಳಿಸುವ ದೂರದಲ್ಲಿರಬೇಕು, ಅದಾದ ಮೇಲೆ 10 ಸೆಕೆಂಡ್ ಬಿಡಬೇಕು. ಸೆಕೆಂಡ್ ಹೇಳದಿದ್ದರೆ ಒಂದೇ ಉಸಿರಲ್ಲಿ ಹೆದರಿಸಿ ಹೊಡೆದುಬಿಡುತ್ತಾರೆ. ಕ್ರಿಟಿಕಲ್ ಹಿಟ್ಸ್ ಎಂಬ ಸೆಟ್ಟಿಂಗ್ ಆಫ್ ಮಾಡಿ, ತಲೆಗೆ ಬಿದ್ದ ಒಂದೇ ಗುಂಡಿಗೆ ಸಾಯುವುದನ್ನೂ ತಪ್ಪಿಸು. ದುಬೈಯಿಂದಲೋ ಅಮೆರಿಕದಿಂದಲೋ ಬರುವ ನಮ್ಮವರ ಪಿಂಗ್ (ಸರ್ವರ್‌ಗೆ ಸಂದೇಶ ಹೋಗಿ ಬರುವ ಸಮಯ) ಹೆಚ್ಚಿರುತ್ತದೆ, ಅರ್ಧ ಸೆಕೆಂಡಿನಲ್ಲಿ ಮುಗಿಯುವ ಜಗಳದಲ್ಲಿ ಅವರು ಯಾವಾಗಲೂ ಸೋಲುತ್ತಾರೆ.

ಜಗಳದ ಮಧ್ಯೆ ಆಟ ಬಿಟ್ಟು ಓಡುವವರನ್ನು ಹಿಡಿಯಲು, ಪ್ಲೇಯರ್ ಡ್ರಾಪ್ ಆದಾಗ (ಆಟಗಾರನ ಸಂಪರ್ಕ ಕಡಿದಾಗ) ಸರ್ವರ್‌ಗೆ ಸಿಗುವ ಕಾರಣವನ್ನು ಲಾಗ್ ಮಾಡು. ತಾನೇ ಮುಚ್ಚಿದವನಿಗೆ ಎಕ್ಸಿಟಿಂಗ್, ನೆಟ್ ಹೋದವನಿಗೆ ಟೈಮ್ಡ್ ಔಟ್ ಎಂದು ಬರುತ್ತದೆ. ನೆಟ್ ಕೇಬಲ್ ಕಿತ್ತರೂ ಟೈಮ್ಡ್ ಔಟ್ ಎಂದೇ ತೋರಿಸುವುದರಿಂದ ಒಂದು ಸಲಕ್ಕೆ ಬ್ಯಾನ್ ಬೇಡ. ಮೂರು ಸಲ ಜಗಳದ ನಡುವೆಯೇ ಆದರೆ ಕರೆದು ಕೇಳು.

ಗ್ಯಾಂಗ್ ವಾರ್‌ಗೆ ಕಾರಣ ಮತ್ತು ಕೊನೆ ಎರಡನ್ನೂ ಮೊದಲೇ ಬರೆದು ಕೊಡಲಿ, ಮೂರು ದಿನ ದಾಟದಿರಲಿ. ಪಾತ್ರವನ್ನೇ ಶಾಶ್ವತವಾಗಿ ಕೊಲ್ಲುವ ಸಿಕೆ (ಕ್ಯಾರೆಕ್ಟರ್ ಕಿಲ್), ಆ ಪಾತ್ರ ಆಡುವವನ ಒಪ್ಪಿಗೆಯಿಲ್ಲದೆ ಎಂದೂ ಬೇಡ. ಇನ್ನೊಂದು ಮಾತು, ಇದರಲ್ಲಿ ಸಡಿಲ ಬಿಡಬೇಡ: ಅಡ್ಮಿನ್ ಯಾವ ಗ್ಯಾಂಗಿನಲ್ಲಿ ಆಡುತ್ತಾನೋ ಆ ಗ್ಯಾಂಗಿನ ದೂರನ್ನು ಅವನು ಮುಟ್ಟಬಾರದು. ನ್ಯಾಯ ಸರಿಯಾಗಿಯೇ ಸಿಕ್ಕಿದರೂ ಜನ ನಂಬುವುದಿಲ್ಲ.

ನಿನ್ನ ದರೋಡೆ ಮತ್ತು ಸಂಬಳದ ಕಾನ್ಫಿಗ್ ಫೈಲ್ ಎರಡನ್ನೂ ಕಳಿಸು. ಗಂಟೆಯ ಗಳಿಕೆಯನ್ನು ಕೂತು ಒಟ್ಟಿಗೆ ಲೆಕ್ಕ ಹಾಕೋಣ.

ಇಂತಿ ನಿನ್ನ ಗೆಳೆಯ