ಸಹಿ ಇಲ್ಲದೆ ಬದಲಾವಣೆ ಇಲ್ಲ: ನಮ್ಮ ಗ್ರಾಹಕರಿಗೊಂದು ಪತ್ರ

ಮಾನ್ಯ ಗ್ರಾಹಕರೇ,

ಮುಂದಿನ ತಿಂಗಳ ಮೊದಲ ದಿನದಿಂದ ನಾವು ಕಟ್ಟುತ್ತಿರುವ ಯಾವ ಕಟ್ಟಡದಲ್ಲೂ ಬಾಯಿಮಾತಿನ ಮೇಲೆ ಕೆಲಸ ಬದಲಾಗುವುದಿಲ್ಲ. ಕಿಟಕಿಯನ್ನು ಒಂದಡಿ ಸರಿಸಬೇಕೆಂದರೂ ಬದಲಾವಣೆ ಚೀಟಿ ಬರೆಯಬೇಕು. ಏನು ಬದಲಾಗುತ್ತದೆ, ಖರ್ಚು ಎಷ್ಟು ಏರುತ್ತದೆ ಅಥವಾ ಇಳಿಯುತ್ತದೆ, ಕೆಲಸ ಎಷ್ಟು ದಿನ ಮುಂದಕ್ಕೆ ಹೋಗುತ್ತದೆ ಎಂಬ ಮೂರೂ ಅದರಲ್ಲಿರುತ್ತವೆ. ನಿಮ್ಮ ಸಹಿ, ನಮ್ಮ ಎಂಜಿನಿಯರ್ ಸಹಿ ಎರಡೂ ಬಿದ್ದ ಮೇಲೆಯೇ ಮೇಸ್ತ್ರಿ ಕೆಲಸಕ್ಕೆ ಕೈ ಹಾಕುತ್ತಾರೆ. ನೀವೇ ಸೈಟಿನಲ್ಲಿ ನಿಂತು ಹೇಳಿದರೂ ಅವರು ಚೀಟಿ ಕೇಳುತ್ತಾರೆ. ಅದನ್ನು ದಯವಿಟ್ಟು ಅಗೌರವವೆಂದು ತಿಳಿಯಬೇಡಿ. ಕೇಳಲೇಬೇಕೆಂದು ಅವರಿಗೆ ಹೇಳಿರುವವರು ನಾವು.

ಇಷ್ಟು ವರ್ಷ ನಂಬಿಕೆಯ ಮೇಲೆ ನಡೆದ ಸಂಸ್ಥೆಗೆ ಈಗ ಕಾಗದ ಏಕೆ ಬೇಕಾಯಿತು ಎಂದು ನಿಮಗೆ ಅನ್ನಿಸಬಹುದು. ಕಾರಣವನ್ನು ಮುಚ್ಚುಮರೆಯಿಲ್ಲದೆ ತಿಳಿಸುತ್ತೇವೆ.

ನಾವು ಕಟ್ಟಿದ ಒಂದು ಮನೆಯ ಚಾವಣಿಯ ವಿಸ್ತೀರ್ಣ 120 ಚದರ ಮೀಟರ್. ನಕ್ಷೆಯಲ್ಲಿ ಅದರ ದಪ್ಪ 125 ಮಿಲಿಮೀಟರ್ ಎಂದಿತ್ತು. ಸೆಂಟ್ರಿಂಗ್, ಅಂದರೆ ಕಾಂಕ್ರೀಟ್ ಗಟ್ಟಿಯಾಗುವವರೆಗೆ ಹೊತ್ತು ನಿಲ್ಲುವ ಅಚ್ಚು ಕಟ್ಟುವ ಕೆಲಸ, ನಡೆಯುತ್ತಿದ್ದಾಗ ವಿನ್ಯಾಸಕಾರರು ಫೋನ್ ಮಾಡಿ 150 ಮಾಡಿ ಎಂದರು. ಮಾಡಿದೆವು. ತಿದ್ದಿದ ನಕ್ಷೆ ಬರಲಿಲ್ಲ, ನಾವೂ ಕೇಳಲಿಲ್ಲ. ಹೆಚ್ಚಾದದ್ದು ಒಂದಂಗುಲದಷ್ಟು, ಆದರೆ ಅಷ್ಟು ಅಗಲಕ್ಕೆ ಹರಡಿದಾಗ ಅದು 3 ಘನ ಮೀಟರ್ ಕಾಂಕ್ರೀಟ್, ತೂಕದಲ್ಲಿ ಸುಮಾರು 7 ಟನ್. ಬಿಲ್ಲಿನಲ್ಲಿ ಅದನ್ನು ಕಂಡ ಮಾಲೀಕರು ನಕ್ಷೆ ಬಿಡಿಸಿ 125ರ ಮೇಲೆ ಬೆರಳಿಟ್ಟರು. ದಪ್ಪವನ್ನು ಅಂಚಿನಲ್ಲಿ ಅಳೆದು ತೋರಿಸಬಹುದಿತ್ತು. ಹಾಗೆ ಮಾಡಲು ಹೇಳಿದವರು ಯಾರು, ಹೇಳಿದ್ದು ಯಾವಾಗ ಎಂಬುದಕ್ಕೆ ಮಾತ್ರ ನಮ್ಮಲ್ಲಿ ಒಂದು ಸಾಲೂ ಇರಲಿಲ್ಲ. ಆ ಹಣವನ್ನು ಬಿಟ್ಟೆವು. ಅದಕ್ಕಿಂತ ಹೆಚ್ಚಾಗಿ ಕಾಡಿದ್ದು ಬೇರೆ: ಹೆಚ್ಚುವರಿ ಭಾರವನ್ನು ಕೆಳಗಿನ ತೊಲೆ, ಕಂಬಗಳು ತಾಳುತ್ತವೆಯೇ ಎಂದು ಲೆಕ್ಕ ನೋಡಿದ ದಾಖಲೆಯೂ ಇರಲಿಲ್ಲ. ಆಮೇಲೆ ಬೇರೊಬ್ಬ ಎಂಜಿನಿಯರ್ ಅವರಿಂದ ಲೆಕ್ಕ ಮಾಡಿಸಿ, ತೊಂದರೆಯಿಲ್ಲ ಎಂದು ತಿಳಿಯುವವರೆಗೆ ನಮಗೆ ನೆಮ್ಮದಿ ಇರಲಿಲ್ಲ. ಆ ಶುಲ್ಕವನ್ನೂ ನಾವೇ ಕೊಟ್ಟೆವು, ಕೊಡಬೇಕಾದವರೂ ನಾವೇ.

ಇನ್ನೊಂದು ಮನೆಯಲ್ಲಿ ನಷ್ಟ ಗ್ರಾಹಕರ ಪಾಲಿಗೆ ಬಂತು. ಬಚ್ಚಲಮನೆಯ ಗೋಡೆ ಒದ್ದೆಯಾಗತೊಡಗಿತ್ತು. ನಕ್ಷೆಯಲ್ಲಿ ತೋರಿಸಿದ ಜಾಗದಲ್ಲಿ ಪೈಪು ಇರಲಿಲ್ಲ. ತೊಲೆ ಅಡ್ಡ ಬಂದದ್ದರಿಂದ ಕೊಳಾಯಿ ಕೆಲಸದವರು ಅದನ್ನು ಬೇರೆ ಕಡೆಯಿಂದ ತಿರುಗಿಸಿದ್ದರು. ಮೂರು ಕಡೆ ಟೈಲ್ಸ್ ಒಡೆದ ಮೇಲೆ ಸೋರುವ ಜೋಡಣೆ ಸಿಕ್ಕಿತು. ಪ್ಲಾಸ್ಟರ್‌ಗೆ ಮೊದಲು ಟೇಪು ಹಿಡಿದು ತೆಗೆದ ಒಂದೇ ಒಂದು ಫೋಟೊ ಇದ್ದಿದ್ದರೆ, ಒಂದೇ ಕಡೆ ಒಡೆದರೆ ಸಾಕಿತ್ತು.

ಕಟ್ಟಡದಲ್ಲಿ ಪ್ರತಿ ಹಂತವೂ ಹಿಂದಿನ ಹಂತವನ್ನು ಮುಚ್ಚುತ್ತಾ ಹೋಗುತ್ತದೆ. ಪಾಯದ ಆಳ ಮಣ್ಣಿನಡಿ ಹೋಗುತ್ತದೆ, ಕಬ್ಬಿಣ ಕಾಂಕ್ರೀಟಿನೊಳಗೆ, ವೈರು ಗಾರೆಯೊಳಗೆ. ಮುಚ್ಚಿದ ಮೇಲೆ ಅಳೆಯಬೇಕೆಂದರೆ ಒಡೆಯಬೇಕು. ಹಾಗಾಗಿ ಇನ್ನು ಮುಂದೆ ಯಾವುದನ್ನು ಮುಚ್ಚುವ ಮೊದಲೂ ನಿಮಗೆ ಹಿಂದಿನ ದಿನವೇ ತಿಳಿಸುತ್ತೇವೆ. ನೀವು ಅಥವಾ ನಿಮ್ಮ ಪರವಾಗಿ ಒಬ್ಬರು ಬಂದು ನೋಡಿ, ಅಳತೆ ಪುಸ್ತಕಕ್ಕೆ ಅಲ್ಲೇ ಸಹಿ ಹಾಕಬೇಕು. ಮೆದು ಮಣ್ಣು ಸಿಕ್ಕಿ ಪಾಯವನ್ನು ಆಳಕ್ಕೆ ತೆಗೆಯಬೇಕಾದಾಗ ಇದು ಎಲ್ಲಕ್ಕಿಂತ ಮುಖ್ಯ. ಅಲ್ಲಿ ನಡೆಯುವಷ್ಟು ಜಗಳ ಬೇರೆಲ್ಲೂ ನಡೆಯುವುದನ್ನು ನಾವು ಕಂಡಿಲ್ಲ.

ದಿನದ ಕೊನೆಗೆ ಸೈಟ್ ಡೈರಿಯ ಪುಟ ನಿಮ್ಮ ಮೊಬೈಲ್‌ಗೆ ಬರುತ್ತದೆ: ಎಷ್ಟು ಜನ ಬಂದಿದ್ದರು, ಯಾವ ಸಾಮಾನು ಇಳಿಯಿತು, ಮಳೆ ಬಂತೇ, ಕೆಲಸ ಯಾವುದಕ್ಕಾಗಿ ನಿಂತಿತು. ಕೆಲಸ ನಿಂತರೂ ಸೆಂಟ್ರಿಂಗ್ ಸಾಮಾನಿನ ಬಾಡಿಗೆ ನಿಲ್ಲುವುದಿಲ್ಲ, ನಿಮ್ಮ ಸಾಲದ ಬಡ್ಡಿಯೂ ನಿಲ್ಲುವುದಿಲ್ಲ. ತಡವಾದದ್ದು ಟೈಲ್ಸ್ ಆಯ್ಕೆಯಾಗದೆಯೋ, ನಮ್ಮ ಆಳುಗಳು ಬಾರದೆಯೋ ಎಂಬುದನ್ನು ಆರು ತಿಂಗಳ ನಂತರ ನೆನಪಿನಿಂದ ತೀರ್ಮಾನಿಸಲು ಹೊರಟರೆ ಇಬ್ಬರಿಗೂ ಅನ್ಯಾಯವಾಗುತ್ತದೆ. ಹಲವು ದೇಶಗಳ ದೊಡ್ಡ ಯೋಜನೆಗಳಲ್ಲಿ ಬಳಸುವ ಫಿಡಿಕ್ ಮಾದರಿ ಒಪ್ಪಂದದ 1999ರ ಆವೃತ್ತಿಯಲ್ಲಿ, ಹೆಚ್ಚುವರಿ ಹಣ ಅಥವಾ ಸಮಯ ಕೇಳುವ ಗುತ್ತಿಗೆದಾರ ಕಾರಣ ತಿಳಿದ 28 ದಿನಗಳೊಳಗೆ ನೋಟಿಸ್ ಕೊಡಬೇಕು; ಕೊಡದಿದ್ದರೆ ಹಕ್ಕು ಹೋಗುತ್ತದೆ. ನಮ್ಮಂಥ ಸಣ್ಣ ಸಂಸ್ಥೆಗೆ ಅಷ್ಟು ದಿನ ಬೇಕಾಗಿಲ್ಲ. ನಾವು 7 ದಿನದೊಳಗೆ ತಿಳಿಸದ ಹೆಚ್ಚುವರಿಯನ್ನು ನಿಮ್ಮಿಂದ ಕೇಳುವುದಿಲ್ಲ.

ನಕ್ಷೆಗಳ ಮೇಲೆ ತಿದ್ದುಪಡಿ ಸಂಖ್ಯೆ ಮತ್ತು ದಿನಾಂಕ ಇರುತ್ತದೆ. ಹಳೆಯ ಪ್ರತಿ ಸೈಟಿನಲ್ಲಿ ಉಳಿಯುವುದಿಲ್ಲ. ಕಾಂಕ್ರೀಟಿನ ಬಲ ನೋಡಲು ಎರಕ ಹೊಯ್ದ ಮಾದರಿ ಕ್ಯೂಬ್‌ಗಳನ್ನು 28 ದಿನಕ್ಕೆ ಪರೀಕ್ಷಿಸಿದ ವರದಿಯ ಪ್ರತಿ ನಿಮಗೂ ಸಿಗುತ್ತದೆ. ಕಟ್ಟಡ ನಿಜವಾಗಿ ಹೇಗೆ ಮುಗಿಯಿತೋ ಹಾಗೆಯೇ ಬರೆದ ನಕ್ಷೆ ನಿಮ್ಮ ಕೈ ಸೇರುವವರೆಗೆ ಕೊನೆಯ ಕಂತನ್ನು ತಡೆಹಿಡಿಯಿರಿ.

ಇದಕ್ಕಾಗಿ ಪ್ರತಿ ಸೈಟಿಗೂ ದಾಖಲೆ ನೋಡಿಕೊಳ್ಳುವ ಒಬ್ಬರನ್ನು ನೇಮಿಸಿದ್ದೇವೆ. ಹೊಸ ಒಪ್ಪಂದಗಳಲ್ಲಿ ಅವರ ವೇತನ ಪ್ರತ್ಯೇಕ ಬಾಬಾಗಿ ಕಾಣಿಸುತ್ತದೆ. ಈಗಾಗಲೇ ಸಹಿಯಾಗಿರುವ ಒಪ್ಪಂದಗಳಲ್ಲಿ ಆ ಖರ್ಚು ಸಂಸ್ಥೆಯದು. ಚೀಟಿ ಇಲ್ಲದ ಯಾವುದೇ ಹೆಚ್ಚುವರಿ ಬಾಬು ಬಿಲ್ಲಿನಲ್ಲಿದ್ದರೆ ಅದನ್ನು ಹೊಡೆದುಹಾಕಿ, ನಾವು ವಾದಿಸುವುದಿಲ್ಲ.

ಕೆಲಸ ನಡೆಯುತ್ತಿರುವ ಮನೆಗಳವರಲ್ಲಿ ಒಂದು ವಿನಂತಿ. ಈವರೆಗೆ ಬಾಯಿಮಾತಿನಲ್ಲಿ ಆದ ಬದಲಾವಣೆಗಳನ್ನೆಲ್ಲ ಬರೆದುಕೊಳ್ಳಲು ನಮ್ಮ ಎಂಜಿನಿಯರ್ ಎರಡು ವಾರದೊಳಗೆ ನಿಮ್ಮಲ್ಲಿಗೆ ಬರುತ್ತಾರೆ. ನಿಮ್ಮ ನೆನಪು, ನಮ್ಮ ನೆನಪು ಬೇರೆಯಾದ ಕಡೆ, ನಮ್ಮಲ್ಲಿ ಬರಹವಿಲ್ಲದಿದ್ದರೆ ನಿಮ್ಮ ಮಾತಿನಂತೆಯೇ ಲೆಕ್ಕ ಮಾಡುತ್ತೇವೆ. ಈ ವಾರವೇ ಚಾವಣಿಗೆ ಕಾಂಕ್ರೀಟ್ ಹಾಕಲಿರುವವರು ಮಾತ್ರ ಅಷ್ಟು ದಿನ ಕಾಯದೆ, ಹಾಕುವ ಮೊದಲೇ ಕಚೇರಿಗೆ ಒಂದು ಫೋನ್ ಮಾಡಿ.

ಇತಿ ನಿಮ್ಮ ವಿಶ್ವಾಸಿಗಳು,
ಸಂಸ್ಥೆಯ ಪಾಲುದಾರರು