ನಾಲ್ಕನೇ ಅಂಗಡಿ ತೆರೆಯುವ ಮುಂಚೆ

ಚಿ. ಸುಹಾಸನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ನೀನು ನಾಲ್ಕನೇ ಮೆಡಿಕಲ್ ಸ್ಟೋರ್ ತೆರೆಯುತ್ತಿದ್ದೀಯ ಅಂತ ನಿಮ್ಮಮ್ಮ ಫೋನ್ ಮಾಡಿ ಹೇಳಿದಳು. ತುಂಬಾ ಖುಷಿಯಾಯಿತು. ಎಲ್ಲ ಔಷಧಿಗೂ 25 ಪರ್ಸೆಂಟ್ ಡಿಸ್ಕೌಂಟ್ ಅಂತ ಬೋರ್ಡ್ ಬರೆಸಿದ್ದೀಯ ಅಂದಾಗ ಮಾತ್ರ ಎದೆ ಧಸಕ್ಕೆಂದಿತು. ಬ್ರಾಂಡ್ ಮಾತ್ರೆಯಲ್ಲಿ ನಮ್ಮಂಥ ಅಂಗಡಿಗೆ ಸಿಗುವುದೇ 16ರಿಂದ 20 ಪರ್ಸೆಂಟ್ ಅಲ್ವಾ? ಉಳಿದದ್ದು ಎಲ್ಲಿಂದ ತರುತ್ತೀಯಪ್ಪ?

ಅಮೆರಿಕದ ಫಾರ್-ಮೋರ್ ಕಂಪನಿಯ ಕತೆ ನಿನಗೆ ಗೊತ್ತಿರಲಿ. ಒಹಾಯೊ ರಾಜ್ಯದ ಯಂಗ್ಸ್‌ಟೌನ್ ಕಡೆಯದು. 1977ರಿಂದ ಅಲ್ಲಿನ ಉಕ್ಕಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿ ಊರು ಸೊರಗಿತ್ತು. 1982ರಲ್ಲಿ ಮಿಕ್ಕಿ ಮೋನಸ್ ಎಂಬಾತ ಪಕ್ಕದ ನೈಲ್ಸ್‌ನಲ್ಲಿ ಮೊದಲ ಅಂಗಡಿ ತೆರೆದ. ಬೆನ್ನಿಗೆ ಜಯಂಟ್ ಈಗಲ್ ಎಂಬ ದೊಡ್ಡ ದಿನಸಿ ಕಂಪನಿ ಇತ್ತು. ಔಷಧಿ, ಸೋಪು, ತಂಪು ಪಾನೀಯ ಎಲ್ಲವೂ ಅಗ್ಗ. ಹತ್ತೇ ವರ್ಷಕ್ಕೆ 300 ಅಂಗಡಿ ದಾಟಿತು. ಊರಿನವರು ಅವನನ್ನು ತಲೆ ಮೇಲೆ ಹೊತ್ತು ಮೆರೆಸಿದರು.

ಆದರೆ ಕೆಲವು ಸಾಮಾನನ್ನು ಕೊಂಡ ರೇಟಿಗಿಂತ ಕಡಿಮೆಗೆ ಮಾರುತ್ತಿದ್ದರು. ನಷ್ಟ ಆಗಲೇಬೇಕು, ಆಯಿತು. ಆ ನಷ್ಟವನ್ನು ಗುಟ್ಟಾದ ಬೇರೆ ಖಾತೆಗಳಲ್ಲಿ ತುಂಬಿಟ್ಟರು. ಅವುಗಳನ್ನು 'ಬಕೆಟ್' ಅಂತಲೇ ಕರೆಯುತ್ತಿದ್ದರಂತೆ. ವರ್ಷದ ಕೊನೆಗೆ ಬಕೆಟ್ ಬಗ್ಗಿಸಿ, ನಷ್ಟ ಕಾಣದಂತೆ ಅಷ್ಟೇ ಬೆಲೆಯ ಇಲ್ಲದ ಸ್ಟಾಕನ್ನು ಇದೆ ಅಂತ ಅಂಗಡಿಗಳ ಲೆಕ್ಕಕ್ಕೆ ಹಂಚಿಬಿಡುತ್ತಿದ್ದರು. ಅಷ್ಟು ಅಂಗಡಿಗಳಲ್ಲಿ ಆಡಿಟರ್‌ಗಳು ನಾಲ್ಕೇ ನಾಲ್ಕರಲ್ಲಿ ನಿಂತು ಎಣಿಕೆ ನೋಡಿದರು. ಯಾವ ನಾಲ್ಕು ಅಂತ ಮೊದಲೇ ತಿಳಿಸಿಯೂ ಇದ್ದರು! ಆ ನಾಲ್ಕರ ಶೆಲ್ಫ್ ಭರ್ತಿ ಇದ್ದರೆ ಸಾಕಾಯಿತು.

ಮೋನಸ್‌ಗೆ ಬಾಸ್ಕೆಟ್‌ಬಾಲ್ ಹುಚ್ಚು ಬೇರೆ. ತನ್ನದೇ ಲೀಗ್‌ಗೆ ಕಂಪನಿಯ ಸುಮಾರು 1 ಕೋಟಿ ಡಾಲರ್ ಸುರಿದ. ಲೀಗಿನ ಪ್ರಯಾಣದ ಬಿಲ್ಲಿಗೆ ಕಂಪನಿಯ ಚೆಕ್ ಬಂದದ್ದನ್ನು ಒಬ್ಬ ಟ್ರಾವೆಲ್ ಏಜೆಂಟ್ ಗಮನಿಸಿದ್ದರಿಂದ 1992ರಲ್ಲಿ ಎಲ್ಲ ಬಯಲಾಯಿತು. ಒಟ್ಟು ಮೋಸ ಸುಮಾರು 50 ಕೋಟಿ ಡಾಲರ್. ಆಗಸ್ಟಿನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. 1995ರಲ್ಲಿ ಮೋನಸ್‌ಗೆ ಸುಮಾರು 20 ವರ್ಷ ಶಿಕ್ಷೆಯಾಯಿತು. ಅಂಗಡಿಗಳು ಕುಂಟುತ್ತಾ ನಡೆದು 2002ರಲ್ಲಿ ಪೂರ್ತಿ ಮುಚ್ಚಿದವು. ಕೌಂಟರಿನಲ್ಲಿ ನಿಯತ್ತಿನಿಂದ ದುಡಿದ ಹುಡುಗ ಹುಡುಗಿಯರು ಏನು ತಪ್ಪು ಮಾಡಿದ್ದರು ಹೇಳು? ನನಗೆ ಅದೇ ಸಂಕಟ.

ಇದನ್ನು ಯಾಕೆ ಇಷ್ಟು ಬರೆದೆ ಅಂದರೆ, ನಾನೂ ಒಮ್ಮೆ ಜಾರಿದ್ದೆ. ಸಾಲ ಕೊಟ್ಟ ಬ್ಯಾಂಕಿಗೆ ಸ್ಟಾಕ್ ಲೆಕ್ಕ ಕೊಡುವಾಗ ಎಕ್ಸ್‌ಪೈರಿ ಆದ ಮೂರು ಡಬ್ಬ ಕೆಮ್ಮಿನ ಸಿರಪ್ಪನ್ನು ಒಳ್ಳೆ ಮಾಲು ಅಂತ ಬರೆದೆ. ಮುಂದಿನ ಸಲ ಐದು ಡಬ್ಬ. ಆಮೇಲೆ ಒಂಬತ್ತು. ಧೂಳು ಹಿಡಿದ ಆ ಬಾಟಲಿಗಳನ್ನು ದಿನಾ ಬೆಳಿಗ್ಗೆ ನೋಡಿದಾಗ ಹೊಟ್ಟೆಯಲ್ಲಿ ಕಿವುಚಿದಂತಾಗುತ್ತಿತ್ತು. ಕೊನೆಗೆ ನಿಮ್ಮತ್ತೆಗೆ ಹೇಳಿದೆ. ಅವಳು ಒಂದು ಮಾತೂ ಆಡದೆ ಬಳೆ ಬಿಚ್ಚಿ ಕೊಟ್ಟಳು. ಬ್ಯಾಂಕಿನವರ ಮುಂದೆ ಸರಿಯಾದ ಲೆಕ್ಕ ಇಟ್ಟು, ಕಡಿಮೆ ಬಿದ್ದದ್ದನ್ನು ಕಟ್ಟಿದೆ.

ಆ ಬೋರ್ಡನ್ನು ಈಗಲೇ ನೇತುಹಾಕಬೇಡ. ಜೆನೆರಿಕ್ ಔಷಧಿಯಲ್ಲಿ ಮಾರ್ಜಿನ್ ಜಾಸ್ತಿ, ಅಲ್ಲಿ ಧಾರಾಳವಾಗಿ ಬಿಡು. ಉಳಿದದ್ದಕ್ಕೆ ಎಷ್ಟು ಬಿಡಬಹುದು ಅಂತ ಕೂತು ಲೆಕ್ಕ ಹಾಕೋಣ. ಶನಿವಾರ ರಾತ್ರಿ ಬಸ್ಸಿಗೆ ಹೊರಡುತ್ತೇನೆ. ಭಾನುವಾರ ಮೂರು ಅಂಗಡಿಯ ಶಟರ್ ಎಳೆದು, ಒಂದೊಂದು ಸ್ಟ್ರಿಪ್ಪನ್ನೂ ನಾವಿಬ್ಬರೇ ಎಣಿಸೋಣ. ನಿಮ್ಮತ್ತೆ ಚಕ್ಕುಲಿ ಕಟ್ಟಿಕೊಡುತ್ತಾಳಂತೆ.

ಇಂತಿ ನಿನ್ನ ಮಾವ