ಪ್ರಶ್ನೆ ಕೇಳಿದರೆ ಮಾತ್ರ ಸಿಗುವ ಲೆಕ್ಕ

ಮಾನ್ಯರೇ,

ವಿದೇಶಕ್ಕೆ ಓದಲು ಹೋಗುವವರ ಸಂಖ್ಯೆ ಇಳಿದಿದೆ ಎಂಬ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. 2025ರಲ್ಲಿ ಸರ್ಕಾರ ಲೋಕಸಭೆಗೆ ಕೊಟ್ಟ ಉತ್ತರದಂತೆ 2023ರಲ್ಲಿ ಹೋದವರು 8,92,989 ಮಂದಿ, 2024ರಲ್ಲಿ 7,59,064 ಮಂದಿ. ಸುದ್ದಿಯ ಬಗ್ಗೆ ನನ್ನ ತಕರಾರಿಲ್ಲ. ಈ ಅಂಕಿ ನಮ್ಮ ಕೈಗೆ ಬರುವ ದಾರಿಯ ಬಗ್ಗೆ ಇದೆ.

ಅಂಕಿ ಇರುವುದು ಗೃಹ ಸಚಿವಾಲಯದ ವಲಸೆ ಬ್ಯೂರೋ ಹತ್ತಿರ. ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ನೋಡಿ ಮುದ್ರೆ ಹಾಕುವವರು ಅವರೇ. ಆದರೆ ಓದಲು ಹೋದವರ ಲೆಕ್ಕ ಹೊರಗೆ ಬರಬೇಕಾದರೆ ಯಾರೋ ಒಬ್ಬ ಸಂಸದರು ಸಂಸತ್ತಿನಲ್ಲಿ ಪ್ರಶ್ನೆ ಕೇಳಬೇಕು. ಸಚಿವರು ಉತ್ತರ ಕೊಡುತ್ತಾರೆ. ಆ ಉತ್ತರ ಒಂದು ಪಿಡಿಎಫ್ ಆಗಿ ಸಂಸತ್ತಿನ ಜಾಲತಾಣ ಸೇರುತ್ತದೆ. ಮುಂದಿನ ಅಧಿವೇಶನದಲ್ಲಿ ಬೇರೆಯವರು ಬೇರೆ ಥರ ಕೇಳಿದರೆ ಬೇರೆ ಥರದ ಕೋಷ್ಟಕ ಬರುತ್ತದೆ. ಒಮ್ಮೆ ದೇಶವಾರು, ಒಮ್ಮೆ ವರ್ಷವಾರು. ಯಾರೂ ಕೇಳದಿದ್ದರೆ ಅದೂ ಇಲ್ಲ.

ನಾನು ಡಿಗ್ರಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಕಳೆದ ವರ್ಷ ಪಕ್ಕದ ಮನೆಯ ಹುಡುಗಿ ಬಿ.ಕಾಂ. ಪ್ರಾಜೆಕ್ಟ್‌ಗೆ ಭಾರತದ ಪೌರತ್ವ ಬಿಟ್ಟವರ ವಿಷಯ ಆರಿಸಿಕೊಂಡಿದ್ದಳು. ಈ ಅಂಕಿಯೂ ಇದೇ ದಾರಿಯಲ್ಲಿ ಬರುತ್ತದೆ. ಆರೇಳು ಉತ್ತರಗಳ ಫೋಟೋ ಮೊಬೈಲಿನಲ್ಲಿ ಇಟ್ಟುಕೊಂಡು, ಬೆರಳಿಂದ ಹಿಗ್ಗಿಸಿ ನೋಡಿ, ಒಂದೊಂದೇ ಸಂಖ್ಯೆಯನ್ನು ಲ್ಯಾಪ್‌ಟಾಪಿಗೆ ಹೊಡೆಯುತ್ತಿದ್ದಳು. ನನಗೆ ತೋರಿಸಲು ತಂದಾಗ 2022ರ ಎದುರು 2,52,620 ಅಂತಿತ್ತು. ಮೂಲದಲ್ಲಿ ಇರುವುದು 2,25,620. ಎರಡು ಅಂಕೆ ಅದಲುಬದಲಾಗಿ 27 ಸಾವಿರ ಜನ ಸುಮ್ನೆ ಜಾಸ್ತಿ ಆಗಿದ್ದರು! ತಿದ್ದಿಕೊಟ್ಟೆ. "ಸರ್, ಇದನ್ನ ಎಕ್ಸೆಲ್‌ನಲ್ಲೇ ಹಾಕಿದ್ರೆ ಅವರಿಗೆ ಏನ್ ಹೋಗ್ತಿತ್ತು?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಟೈಪಿಂಗ್ ತಪ್ಪನ್ನಾದರೂ ತಿದ್ದಬಹುದು. ಅಂಕಿ ಏನು ಹೇಳುತ್ತಿದೆ ಎಂಬುದನ್ನೇ ಜನ ತಪ್ಪಾಗಿ ತಿಳಿದರೆ ತಿದ್ದುವುದು ಕಷ್ಟ. ಪೌರತ್ವ ಬಿಟ್ಟವರು 2020ರಲ್ಲಿ 85,256, 2021ರಲ್ಲಿ 1,63,370, ಮರುವರ್ಷ ಎರಡು ಲಕ್ಷ ದಾಟಿತು. "ಜನ ದೇಶ ಬಿಟ್ಟು ಓಡುತ್ತಿದ್ದಾರೆ" ಅಂತ ವಾಟ್ಸಾಪಿನಲ್ಲಿ ಹರಿದಾಡಿತು. 2022ರಲ್ಲಿ ಪೌರತ್ವ ಬಿಟ್ಟವರು 2022ರಲ್ಲಿ ವಿಮಾನ ಹತ್ತಿದವರಲ್ಲ. ಬಹಳ ಮಂದಿ ಎಷ್ಟೋ ವರ್ಷದ ಹಿಂದೆ ಹೋದವರು. ಅಮೆರಿಕದಲ್ಲಿ ಗ್ರೀನ್ ಕಾರ್ಡ್ ಸಿಕ್ಕ ಮೇಲೂ ಪೌರತ್ವಕ್ಕೆ ಅರ್ಜಿ ಹಾಕಲು ಸಾಮಾನ್ಯವಾಗಿ 5 ವರ್ಷ ಕಾಯಬೇಕು. ಅದು ಸಿಕ್ಕಿದ ಮೇಲೆ ತಾನೇ ನಮ್ಮದನ್ನು ಬಿಡುವುದು? 2020ರ ಕೋವಿಡ್ ಇಳಿತವನ್ನೂ ನೆನಪಿಡಬೇಕು. ಈ ಎರಡು ಮಾತನ್ನು ಕೋಷ್ಟಕದ ಕೆಳಗೆ ಸಣ್ಣ ಅಕ್ಷರದಲ್ಲಿ ಹಾಕಿದ್ದರೂ ಅರ್ಧ ಗಲಾಟೆ ಇರುತ್ತಿರಲಿಲ್ಲ.

ವಿದ್ಯಾರ್ಥಿಗಳ ಲೆಕ್ಕದ ಕಥೆ ಇನ್ನೂ ಸ್ವಾರಸ್ಯ. ಓದಲು ಹೋಗುವವರೆಂದು ಗುರುತಿಸುವುದು ಹೇಗೆ? ಪ್ರಯಾಣಿಕರು ಬಾಯಲ್ಲಿ ಹೇಳಿದ್ದನ್ನೋ, ತೋರಿಸಿದ ವೀಸಾದ ಬಗೆಯನ್ನೋ ನೋಡಿ ಅಂತ ಸರ್ಕಾರವೇ ಸಂಸತ್ತಿಗೆ ಹೇಳಿದೆ. ನನ್ನ ತಂಗಿಯ ಮಗಳು ಬೆಂಗಳೂರಿನಿಂದ ಇಂಗ್ಲೆಂಡಿಗೆ ಹೊರಟಾಗ ಕೌಂಟರಿನಲ್ಲಿ ಕೇಳಿದ್ದು ಒಂದೇ ಮಾತಂತೆ: "ಸ್ಟಡೀಸಾ?" ಇವಳು ತಲೆ ಅಲ್ಲಾಡಿಸಿದಳು, ಮುದ್ರೆ ಬಿತ್ತು. ಅಧಿಕಾರಿಯ ತಪ್ಪೇನಿಲ್ಲ, ಹಿಂದೆ ಉದ್ದದ ಸಾಲು ಇತ್ತು. ಅವಳು ಕ್ರಿಸ್‌ಮಸ್ ರಜೆಗೆ ಬಂದು ವಾಪಸ್ ಹೋದಳಲ್ಲ, ಆಗ ಮತ್ತೆ ಒಬ್ಬ ವಿದ್ಯಾರ್ಥಿ ಅಂತ ಸೇರಿಸಿದರೋ ಇಲ್ಲವೋ? ನಾನು ಓದಿದ ಉತ್ತರಗಳಲ್ಲಿ ಆ ವಿವರಣೆಯೇ ಇಲ್ಲ. ಇದರ ಜೊತೆಗೆ ವಿದೇಶದಲ್ಲಿ ಓದುತ್ತಿರುವ ಭಾರತೀಯರು 13 ಲಕ್ಷಕ್ಕೂ ಹೆಚ್ಚು ಎಂದು 2024ರಲ್ಲಿ ವಿದೇಶಾಂಗ ಸಚಿವಾಲಯ ಬೇರೆಯೇ ಲೆಕ್ಕ ಕೊಟ್ಟಿತ್ತು. ಒಂದು ಆ ವರ್ಷ ಹೊರಟವರದು, ಇನ್ನೊಂದು ಅಲ್ಲಿ ಇರುವವರದು. ಕೆರೆಗೆ ಬಂದ ನೀರು ಬೇರೆ, ಕೆರೆಯಲ್ಲಿರುವ ನೀರು ಬೇರೆ, ಅಲ್ವಾ?

ನಮ್ಮ ಕರಾವಳಿಗೆ ಹೆಚ್ಚು ತಟ್ಟುವುದು ಕೆಲಸಕ್ಕೆ ಹೋಗುವವರ ಲೆಕ್ಕ. 1983ರ ಎಮಿಗ್ರೇಷನ್ ಕಾಯ್ದೆಯಡಿ, ಹತ್ತನೇ ತರಗತಿ ಪಾಸಾಗದವರು ಗಲ್ಫ್ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಸರ್ಕಾರದ ಅನುಮತಿ ಪಡೆಯಬೇಕು. ಆ ಅನುಮತಿಗಳ ಲೆಕ್ಕ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಸಿಗುತ್ತದೆ. ಅದರಲ್ಲಿ ಉತ್ತರ ಪ್ರದೇಶ, ಬಿಹಾರವೇ ಮುಂದೆ. ಅದನ್ನೇ ನೋಡಿದರೆ ಕುಂದಾಪುರ, ಭಟ್ಕಳ, ಮಂಗಳೂರಿನಿಂದ ಗಲ್ಫಿಗೆ ಹೋಗುವುದು ನಿಂತೇಹೋಯಿತೇನೋ ಅನ್ನಿಸಬೇಕು! ನಮ್ಮ ಹುಡುಗರು ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿಯೇ ಹೋಗುತ್ತಾರೆ, ಅನುಮತಿ ಬೇಕಿಲ್ಲ, ಆದ್ದರಿಂದ ಆ ಲೆಕ್ಕದಲ್ಲಿ ಹೆಸರೂ ಇಲ್ಲ. ಶಾಲೆ ಕಲಿತವನು ಸರ್ಕಾರದ ಪಟ್ಟಿಯಿಂದ ಮಾಯವಾಗುವ ವಿಚಿತ್ರ ಇದು.

ಕೇರಳದವರು ಇದಕ್ಕೆ ತಮ್ಮದೇ ದಾರಿ ಕಂಡುಕೊಂಡಿದ್ದಾರೆ. 1998ರಿಂದ ಐದೈದು ವರ್ಷಕ್ಕೊಮ್ಮೆ ಆಯ್ದ ಮನೆಗಳಿಗೆ ಹೋಗಿ ವಲಸೆ ಸಮೀಕ್ಷೆ ಮಾಡುತ್ತಾರೆ. 2023ರ ಸಮೀಕ್ಷೆಯ ಅಂದಾಜು ಸುಮಾರು 22 ಲಕ್ಷ ಮಂದಿ ಹೊರದೇಶದಲ್ಲಿದ್ದಾರೆ ಅಂತ. ನಮ್ಮಲ್ಲಿ 2022ರ ಫೆಬ್ರುವರಿಯಲ್ಲಿ ಯುಕ್ರೇನ್ ಯುದ್ಧ ಶುರುವಾದಾಗ ಸಹಾಯವಾಣಿ ತೆರೆದು, ಅಲ್ಲಿ ಓದುತ್ತಿದ್ದ ಮಕ್ಕಳ ಹೆಸರನ್ನು ಪೋಷಕರಿಂದಲೇ ಬರೆಸಿಕೊಳ್ಳಬೇಕಾಯಿತು.

ಬ್ರಿಟನ್ನಿನ ಪದ್ಧತಿ ನೋಡಿ. ಅಲ್ಲಿನ ಗೃಹ ಇಲಾಖೆ ವಲಸೆ ಅಂಕಿಗಳನ್ನು ಮೂರು ತಿಂಗಳಿಗೊಮ್ಮೆ, ಮೊದಲೇ ಸಾರಿದ ದಿನ, ಬೆಳಿಗ್ಗೆ ಒಂಬತ್ತೂವರೆಗೆ ಆನ್‌ಲೈನ್‌ನಲ್ಲಿ ಹಾಕುತ್ತದೆ. ವೀಸಾ ಬಗೆ, ಯಾವ ದೇಶದವರು, ಎಲ್ಲವೂ ಇಳಿಸಿಕೊಳ್ಳಬಹುದಾದ ಕೋಷ್ಟಕದಲ್ಲಿ. ಅವರ ಲೆಕ್ಕವೂ ತಪ್ಪುತ್ತದೆ. 2023ರ ಜೂನ್‌ವರೆಗಿನ ವರ್ಷದಲ್ಲಿ ದೇಶಕ್ಕೆ ನಿವ್ವಳ ಸೇರಿದವರು 6.72 ಲಕ್ಷ ಎಂದಿದ್ದ ಅಲ್ಲಿನ ಅಂಕಿಅಂಶ ಕಚೇರಿ, ಒಂದು ವರ್ಷದ ಮೇಲೆ ಅದನ್ನು 9.06 ಲಕ್ಷಕ್ಕೆ ಏರಿಸಿತು. ಬೈಗುಳವೂ ತಿಂದಿತು. ಆದರೆ ಹಳೆಯದೆಷ್ಟು, ಹೊಸದೆಷ್ಟು, ಯಾಕೆ ಬದಲಾಯಿತು ಅಂತ ಎಲ್ಲರಿಗೂ ಕಾಣುವಂತೆ ಬರೆದು ಇಟ್ಟಿತು.

ನಮಗೆ ಇದು ಆಗದ ಕೆಲಸವೇನಲ್ಲ. ಇದೇ ಬ್ಯೂರೋದ ದಾಖಲೆ ಇಟ್ಟುಕೊಂಡೇ ಪ್ರವಾಸೋದ್ಯಮ ಸಚಿವಾಲಯ ಪ್ರತಿವರ್ಷ ಪುಸ್ತಕ ತರುತ್ತದೆ. 2024ರಲ್ಲಿ ಹೊರದೇಶಕ್ಕೆ ಭಾರತೀಯರ ಪ್ರಯಾಣ 3 ಕೋಟಿ ದಾಟಿತು ಅಂತ ನಮಗೆ ತಿಳಿದದ್ದು ಹಾಗೇ. ಸರ್ಕಾರದ ಮಾಹಿತಿ ಹಂಚಿಕೊಳ್ಳುವ ನೀತಿ 2012ರಿಂದ ಇದೆ, ಅದಕ್ಕೊಂದು ಜಾಲತಾಣವೂ ಇದೆ. ಖಾಸಗಿತನದ ಅಡ್ಡಿ ಹೇಳುವವರಿಗೆ: ನಾವು ಕೇಳುತ್ತಿರುವುದು ಮೊತ್ತ, ಯಾರ ಹೆಸರನ್ನೂ ಅಲ್ಲ.

ವಲಸೆ ಬ್ಯೂರೋ ಮೂರು ತಿಂಗಳಿಗೊಮ್ಮೆ, ಗೊತ್ತುಮಾಡಿದ ದಿನ, ರಾಜ್ಯ, ವಯಸ್ಸು, ಹೋಗುವ ದೇಶ, ಉದ್ದೇಶ ಇಷ್ಟನ್ನು ಎಕ್ಸೆಲ್‌ನಲ್ಲಿ ತೆರೆಯುವಂತೆ ಹಾಕಲಿ. ಹೇಗೆ ಎಣಿಸಿದ್ದು ಅನ್ನುವ ಒಂದು ಪುಟ ಜೊತೆಗಿರಲಿ, ಅದು ಕನ್ನಡದಲ್ಲೂ ಇರಲಿ. ತಿದ್ದಿದರೆ ಹಳೆಯ ಸಂಖ್ಯೆಯನ್ನು ಅಳಿಸಬಾರದು. ರಾಜ್ಯದ ಸಂಸದರು ಇದನ್ನು ಒತ್ತಾಯಿಸಿದರೆ, ಅದೇ ಪ್ರಶ್ನೆಯನ್ನು ಪ್ರತಿ ಅಧಿವೇಶನದಲ್ಲೂ ಕೇಳುವ ಕಷ್ಟ ಅವರಿಗೂ ತಪ್ಪುತ್ತದೆ.

ಪತ್ರಿಕೆಗೂ ಒಂದು ಕೋರಿಕೆ. ಇಂಥ ಅಂಕಿ ಅಚ್ಚುಹಾಕುವಾಗ ಹೊರಟವರ ಲೆಕ್ಕವೋ ಅಲ್ಲಿರುವವರ ಲೆಕ್ಕವೋ, ಯಾವ ದಿನಾಂಕದ ಉತ್ತರದ್ದು ಎಂದು ಕೆಳಗೆ ಒಂದು ಸಾಲು ಹಾಕಿ. ಪಕ್ಕದ ಮನೆಯ ಹುಡುಗಿ ಈಗ ಎಂ.ಕಾಂ. ಸೇರಿದ್ದಾಳೆ, ಅದೇ ವಿಷಯ ಮುಂದುವರಿಸುತ್ತಾಳಂತೆ.

ಇಂತಿ,
ನಿವೃತ್ತ ಸಂಖ್ಯಾಶಾಸ್ತ್ರ ಉಪನ್ಯಾಸಕ,
ಕುಂದಾಪುರ